ಕುರ್ಚಿ ಹೊತ್ತು ಕಡಲತೀರಕ್ಕೆ

ನಮ್ಮ ಮನೆಯವರ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಹೇಳದಿದ್ದರೆ ಹೊಟ್ಟೆಯಲ್ಲಿಟ್ಟುಕೊಂಡು ನನಗೇ ಕಾಯಿಲೆ ಬರುತ್ತದೆ.

ಅವರು ಪ್ಲಂಬರ್. ಕೆಲಸದಲ್ಲಿ ಎರಡು ಮಾತಿಲ್ಲ. ಅವರು ಮುಟ್ಟಿದ ನಲ್ಲಿ ಮತ್ತೆ ತೊಟ್ಟಿಕ್ಕುವುದಿಲ್ಲ. ತೊಂದರೆ ಏನೆಂದರೆ, ಮನೆಯ ಜನರೂ ನಲ್ಲಿಗಳ ಹಾಗೆ ತಾವು ತಿರುಗಿಸಿದ ಕಡೆಗೇ ತಿರುಗಬೇಕು ಎಂದುಕೊಂಡಿದ್ದಾರೆ. ಯಾರು ಏನು ಹೇಳಲು ಹೋದರೂ ಅರ್ಧದಲ್ಲೇ ತಡೆದು "ಗೊತ್ತಪ್ಪಾ, ಗೊತ್ತು" ಅನ್ನುತ್ತಾರೆ. ಬೀದಿಯವರು ಅವರಿಗೆ ಗೊತ್ತಪ್ಪ ಎಂದೇ ಹೆಸರಿಟ್ಟಿದ್ದಾರೆ. ಅದೂ ಅವರಿಗೆ ಗೊತ್ತು.

ಹೋದ ಮಳೆಗಾಲದಲ್ಲಿ ನಮ್ಮ ಅತ್ತೆ ಮೆಟ್ಟಿಲಲ್ಲಿ ಜಾರಿದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಡಾಕ್ಟರು ನೋಡಿ, "ಸ್ವಲ್ಪ ದಿನ ರೆಸ್ಟ್ ಮಾಡ್ಲಿ. ಆಮೇಲೆ ದಿನಾ ನಡೆಸಿ. ಕೂರಿಸಿಬಿಟ್ರೆ ಕಾಲು ಹೋಗುತ್ತೆ" ಅಂದರು. ಇವರ ಕಿವಿಗೆ ರೆಸ್ಟ್ ಅನ್ನುವ ಒಂದೇ ಮಾತು ಬಿದ್ದಿದ್ದು. ಅಲ್ಲಿಂದ ಶುರುವಾಯಿತು ನೋಡಿ ಸೇವೆ. ಕಿಟಕಿಯ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಅದಕ್ಕೊಂದು ದಿಂಬು. ನೀರು ಅಲ್ಲಿಗೇ, ತಟ್ಟೆ ಅಲ್ಲಿಗೇ. ಅತ್ತೆ ಎದ್ದು ಅಡುಗೆಮನೆ ಕಡೆ ಹೆಜ್ಜೆ ಇಟ್ಟರೆ ಸಾಕು, "ಅಮ್ಮಾ, ಯಾಕೆ ಎದ್ದೆ? ಕೂತ್ಕೋ!"

ಅತ್ತೆ ಕೂರುವ ಜಾತಿಯವರೇ ಅಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನಿಂತೇ ದುಡಿದು ಮಗನನ್ನು ಸಾಕಿದವರು. ಒದ್ದೆ ಹೊದಿಕೆಗಳ ಗಾಡಿಯನ್ನು ಒಬ್ಬರೇ ತಳ್ಳುತ್ತಿದ್ದರು. ಅಂಥವರು ಈಗ ಬಾತ್‌ರೂಮಿಗೆ ಹೋಗಲೂ ಗೋಡೆ ಹಿಡಿಯುತ್ತಾರೆ. ಮಾತು ಕಮ್ಮಿಯಾಯಿತು. ಊಟವೂ ಕಮ್ಮಿಯಾಯಿತು. ನಾನು ಅದೇ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ನನ್ನ ಕಣ್ಣೆದುರೇ ಅವರು ದಿನದಿನಕ್ಕೆ ಬಾಡುವುದನ್ನು ನೋಡುತ್ತಿದ್ದೆ. ಗಂಡನಿಗೆ ಹೇಳಿದೆ, ಬೇಡಿಕೊಂಡೆ, ಜಗಳವನ್ನೂ ಆಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಭಾನುವಾರ ಮಾತ್ರ ಅತ್ತೆಯ ಮುಖಕ್ಕೆ ಸ್ವಲ್ಪ ಕಳೆ ಬರುತ್ತಿತ್ತು. ನಮ್ಮದು ಮೂರನೇ ಮಹಡಿ. ಕಿಟಕಿಯಿಂದ ಸಮುದ್ರದ ಪಕ್ಕದ ಉದ್ಯಾನ ಪೂರ್ತಿ ಕಾಣುತ್ತದೆ. ಭಾನುವಾರ ಬೆಳಿಗ್ಗೆ ಅಲ್ಲಿ ಒಂದಷ್ಟು ಜನ ಟೋಪಿ ಹಾಕಿಕೊಂಡು ಗುಂಪಾಗಿ ಬರುತ್ತಾರೆ. ನಾಲ್ಕು ಹೆಜ್ಜೆ ಹಾಕಿ ನಿಲ್ಲುತ್ತಾರೆ, ಬಗ್ಗಿ ನೋಡುತ್ತಾರೆ, ನಗುತ್ತಾರೆ, ಮತ್ತೆ ಹೊರಡುತ್ತಾರೆ.

"ಅವರು ಬಗ್ಗಿ ಬಗ್ಗಿ ಏನೋ ನೋಡ್ತಾರಲ್ಲ, ಅದೇನೋ?" ಎಂದು ಅತ್ತೆ ಕೇಳುವರು.

"ಯಾರೋ ಉಂಗುರ ಕಳ್ಕೊಂಡಿರ್ಬೇಕು ಬಿಡಮ್ಮ" ಎಂದು ಇವರು ಹೇಳುವರು.

ಪ್ರತಿ ಭಾನುವಾರ ಉಂಗುರ ಕಳೆದುಕೊಳ್ಳುವ ಜನ ಯಾರಪ್ಪಾ ಎಂದು ನಾನು ಹಲ್ಲು ಕಚ್ಚಿಕೊಂಡು ಕಾಜಾ ಹೊಲಿಯುತ್ತಿದ್ದೆ.

ಒಂದು ಸಂಜೆ ಮೆಡಿಕಲ್ ಶಾಪಿನ ಅಕ್ಕ ಬಂದರು. ನಮ್ಮ ಕೆಳಗಿನ ಮಹಡಿಯವರು. ವಾರವೆಲ್ಲ ಔಷಧಿ ಅಂಗಡಿಯಲ್ಲಿ ನಿಂತು ಬೇರೆಯವರ ಕೆಮ್ಮು ಕೇಳುವುದು ಅವರ ಕೆಲಸ. ಪ್ಯಾಂಟಿಗೆ ದೊಡ್ಡ ಜೇಬು ಹೊಲಿಯಲು ನನಗೆ ಕೊಟ್ಟಿದ್ದರು.

"ಇಷ್ಟು ದೊಡ್ಡ ಜೇಬು ಯಾಕಕ್ಕ?" ಎಂದೆ.

"ದುರ್ಬೀನು ಇಟ್ಕೊಳ್ಳೋಕೆ. ಭಾನುವಾರ ಉದ್ಯಾನದಲ್ಲಿ ಜನರನ್ನ ಕರ್ಕೊಂಡು ಸುತ್ತಾಡ್ತೀನಲ್ಲ! ಉದ್ಯಾನದವರು ನಮಗೆ ತರಬೇತಿ ಕೊಟ್ಟಿದ್ದಾರೆ. ಹಕ್ಕಿ, ಏಡಿ, ಮರಳಲ್ಲಿ ಬೆಳೆಯೋ ಬಳ್ಳಿ, ಎಲ್ಲಾ ತೋರಿಸ್ತೀವಿ. ಯಾರು ಬೇಕಾದ್ರೂ ಬರಬಹುದು. ದುಡ್ಡು ಗಿಡ್ಡು ಏನೂ ಇಲ್ಲ."

ಕುರ್ಚಿಯಲ್ಲಿದ್ದ ಅತ್ತೆ ನೆಟ್ಟಗಾದರು. "ಆ ಬಗ್ಗಿ ನೋಡೋ ಜನ ನೀವೇನಾ?"

"ನಾವೇ ದೊಡ್ಡಮ್ಮ. ನೀವೂ ಬನ್ನಿ, ಬಗ್ಗಿ ನೋಡಿ."

ಅಷ್ಟರಲ್ಲಿ ನಮ್ಮ ಯಜಮಾನರು ಪೈಪು ಚೀಲ ಇಳಿಸಿ ಒಳಗೆ ಬಂದರು. ಬರುವಾಗಲೇ ಬಾಯಿ ತೆರೆದಿತ್ತು.

"ಪುಕ್ಕಟೆ ಅಂತೀರಾ? ಈ ಕಾಲದಲ್ಲಿ ಪುಕ್ಕಟೆ ಯಾವುದಿದೆ? ಕೊನೆಗೆ ಟೋಪಿ ಹಾಕ್ತಾರೆ."

"ಹೌದಣ್ಣ, ಟೋಪಿ ಹಾಕ್ತೀವಿ. ಬಿಸಿಲಿಗೆ" ಎಂದರು ಅಕ್ಕ.

"ನಾನು ಸಮುದ್ರದ ಪಕ್ಕದಲ್ಲೇ ಹುಟ್ಟಿ ಬೆಳೆದವನು. ನಮಗೇನು ತೋರಿಸ್ತೀರಿ? ಸಮುದ್ರ ಅಂದ್ರೆ ಒಂದು ದೊಡ್ಡ ಟ್ಯಾಂಕು. ತುಂಬುತ್ತೆ, ಇಳಿಯುತ್ತೆ."

ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ? ದೂರದೂರಿನವರು ಬಸ್ಸು ಹತ್ತಿ ಬಂದು ನೋಡಿಹೋಗುವ ತೀರ. ಪಕ್ಕದಲ್ಲೇ ಇರುವ ಇವರಿಗೆ ಅದು ಟ್ಯಾಂಕು!

"ಅಲ್ಲದೆ ನಮ್ಮಮ್ಮ ಜಾರಿ ಬಿದ್ರೆ ನೀವು ಬರ್ತೀರಾ?" ಎಂದು ಇವರು ದನಿ ಏರಿಸಿದರು.

ಅಕ್ಕ ಸಿಟ್ಟಾಗಲಿಲ್ಲ. ನಾನಾಗಿದ್ದರೆ ಕತ್ತರಿ ಎಸೆಯುತ್ತಿದ್ದೆ. "ಅಣ್ಣಾ, ವಯಸ್ಸಾದವರಿಗೆ ಅಂತ ನಿಧಾನದ ನಡಿಗೆ ಬೇರೆ ಇದೆ. ಮರದ ಹಲಗೆ ಹಾಕಿದ ದಾರಿ, ಹಿಡ್ಕೊಳ್ಳೋಕೆ ಕಂಬಿ, ಅಲ್ಲಲ್ಲಿ ಬೆಂಚು. ನೀರು ಯಾವಾಗ ಇಳಿಯುತ್ತೆ, ಯಾವಾಗ ಏರುತ್ತೆ ಅಂತ ನೋಡ್ಕೊಂಡೇ ಹೊರಡ್ತೀವಿ. ಸುಸ್ತಾದ್ರೆ ಅಲ್ಲೇ ಕೂರೋದು. ಯಾರೂ ಓಡಿಸಲ್ಲ. ದೊಡ್ಡಮ್ಮನಿಗೆ ನಡಿಗೆ ಬೇಕು ಅಂತ ಡಾಕ್ಟರೇ ಹೇಳಿದ್ದಾರಲ್ಲ?"

"ಗೊತ್ತಪ್ಪಾ, ಗೊ—"

"ನಿನಗೆ ಏನೂ ಗೊತ್ತಿಲ್ಲ." ಮಾತಾಡಿದ್ದು ಅತ್ತೆ. ಎಷ್ಟೋ ದಿನಗಳ ಮೇಲೆ ಅವರ ದನಿ ಅಷ್ಟು ಗಟ್ಟಿಯಾಗಿ ಕೇಳಿತು. "ನಾನು ಹೋಗ್ತೀನಿ. ಈ ಕಿಟಕಿ ನೋಡಿ ನೋಡಿ ನನಗೆ ಸಾಕಾಗಿದೆ. ಇಲ್ಲೇ ಕೂತು ಸಾಯೋಕೆ ನನಗೆ ಇಷ್ಟ ಇಲ್ಲ ಕಣೋ."

ನನ್ನ ಕಣ್ಣಲ್ಲಿ ನೀರು ಬಂತು. ಮಿಷನ್ನಿನ ಕಡೆ ತಿರುಗಿ ಸೂಜಿಗೆ ದಾರ ಪೋಣಿಸುವ ನೆಪ ಮಾಡಿದೆ.

ಭಾನುವಾರ ಬಂತು. ಅತ್ತೆ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ನನ್ನ ಭುಜ ಹಿಡಿದು ಮೆಟ್ಟಿಲಿಳಿದರು. ಪ್ರತಿ ಮಹಡಿಯಲ್ಲೂ ನಿಂತು ಉಸಿರು ತೆಗೆದುಕೊಂಡರು. ಹಿಂದೆ ಏನೋ ಗೋಡೆಗೆ ತಾಗಿ ಢಬಢಬ ಸದ್ದು. ತಿರುಗಿ ನೋಡಿದರೆ ನಮ್ಮ ಯಜಮಾನರು! ತಲೆಯ ಮೇಲೆ ಆ ಪ್ಲಾಸ್ಟಿಕ್ ಕುರ್ಚಿ.

"ಇದ್ಯಾಕ್ರೀ?" ಎಂದೆ.

"ಅಮ್ಮನಿಗೆ ಕಾಲು ಸೋತ್ರೆ?"

"ಬೆಂಚಿದೆ ಅಂತ ಅಕ್ಕ ಹೇಳಿದ್ರಲ್ಲ!"

"ಬೆಂಚು ದೂರ ಇದ್ರೆ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಆದರೆ ಇವರ ಕುರ್ಚಿಗೆ ನಾಲ್ಕು ಕಾಲು. ನಾಲ್ಕೂ ಆಕಾಶಕ್ಕೆ ಮುಖ ಮಾಡಿಕೊಂಡು ಬೀದಿಯುದ್ದಕ್ಕೂ ನಮ್ಮ ಹಿಂದೆ ಬಂದವು. ಹಾಲಿನ ಅಂಗಡಿಯವನು ನಕ್ಕ. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೆ ಅನ್ನಿಸಿತು.

ಉದ್ಯಾನದ ಗೇಟಿನಲ್ಲಿ ಹೆಸರು ಹೇಳಿದೆವು, ಅಷ್ಟೆ. ಯಾರೂ ಕಾಸು ಕೇಳಲಿಲ್ಲ. ನಿಧಾನದ ಗುಂಪಿನಲ್ಲಿ ಕೋಲು ಹಿಡಿದ ತಾತ ಒಬ್ಬರು, ತುಂಬು ಬಸುರಿ ಒಬ್ಬಳು, ನಾವು. ಹಲಗೆಯ ದಾರಿಯಲ್ಲಿ ಅಕ್ಕ ಮೆಲ್ಲಗೆ ನಡೆಸಿದರು. ಮರಳ ಮೇಲೆ ಹಬ್ಬಿದ ಬಳ್ಳಿ ತೋರಿಸಿ, ಗಾಳಿಗೆ ಮರಳು ಹಾರಿಹೋಗದ ಹಾಗೆ ಅದೇ ಹಿಡಿದಿಟ್ಟಿದೆ ಎಂದರು. ಏಡಿ ತನ್ನ ಬಿಲದಿಂದ ಹೊರಗೆ ಎಸೆದ ಮರಳುಂಡೆಗಳನ್ನು ತೋರಿಸಿದರು.

"ಅಲೆ ಬಂದ್ರೆ ಓಡ್ತಾವೆ, ಹೋದ್ರೆ ಅಟ್ಟಿಸ್ಕೊಂಡು ಹೋಗ್ತಾವೆ. ಆ ಚಿಕ್ಕ ಹಕ್ಕಿಗಳಿಗೆ ಹುಚ್ಚಾ?" ಎಂದು ಅತ್ತೆ ಕೇಳಿದರು. ಕಿಟಕಿಯಿಂದ ನೋಡಿ ನೋಡಿ ಕೂಡಿಟ್ಟ ಪ್ರಶ್ನೆ.

"ಅಲೆ ವಾಪಸ್ ಹೋದಾಗ ಒದ್ದೆ ಮರಳಲ್ಲಿ ಹುಳ ಸಿಗುತ್ತೆ ದೊಡ್ಡಮ್ಮ. ಅದಕ್ಕೇ ಆ ಓಟ."

"ಹಾಗನ್ನಿ! ಹೊಟ್ಟೆಪಾಡು" ಎಂದು ಅತ್ತೆ ನಕ್ಕುಬಿಟ್ಟರು. ದುರ್ಬೀನು ತೆಗೆದುಕೊಂಡರು, ಮತ್ತೆ ಕೊಡಲಿಲ್ಲ. ಹಿಂದಿನಿಂದ ಮಾತ್ರ ಒಂದೇ ರಾಗ: "ಅಮ್ಮಾ, ಕೂತ್ಕೋತೀಯಾ? ಅಮ್ಮಾ, ಕುರ್ಚಿ ಹಾಕ್ಲಾ?"

ಹಲಗೆಯ ದಾರಿ ಬಂಡೆಗಳ ಹತ್ತಿರ ಮುಗಿಯುತ್ತದೆ. ನೀರು ಇಳಿದಿತ್ತು. ಬಂಡೆಗಳು ಬಿಸಿಲಿಗೆ ಒಣಗಿದ್ದವು. ಅವುಗಳ ಮೈಮೇಲೆಲ್ಲ ಚಿಕ್ಕ ಟೋಪಿಗಳ ಹಾಗೆ ಚಿಪ್ಪುಗಳು ಅಂಟಿಕೊಂಡಿದ್ದವು. ಅತ್ತೆ ಕಂಬಿ ಹಿಡಿದು ನಿಂತರು. ನಮ್ಮ ಯಜಮಾನರು ಕುರ್ಚಿ ಇಳಿಸಿ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಸೀದಾ ಬಂಡೆಗೆ ಇಳಿದರು!

"ಪಾಪ, ನೀರಿಲ್ಲದೆ ಒಣಗ್ತಾ ಇದ್ದಾವೆ. ಅಕ್ಕಾವ್ರೇ, ನೀವು ಬರೀ ತೋರಿಸ್ತೀರಿ. ನಾನು ಈ ಕಡೆ ಬಂದಾಗೆಲ್ಲ ಇವನ್ನ ಕಿತ್ತು ನೀರಿಗೆ ಹಾಕ್ತೀನಿ. ಎಷ್ಟು ಜೀವ ಉಳಿಸಿದ್ದೀನೋ, ಲೆಕ್ಕ ಇಲ್ಲ."

"ಅಣ್ಣಾ, ಮುಟ್ಟಬೇಡಿ!"

ಅಕ್ಕ ಕೂಗಿದ ರಭಸಕ್ಕೆ ಹಕ್ಕಿಗಳು ಎದ್ದು ಹಾರಿದವು. ಇವರ ಕೈ ಅಲ್ಲೇ ನಿಂತಿತು.

"ಅವು ಒಣಗ್ತಾ ಇಲ್ಲ. ಚಿಪ್ಪಿನೊಳಗೆ ನೀರು ಹಿಡಿದಿಟ್ಕೊಂಡು, ಬಂಡೆಗೆ ಬಿಗಿಯಾಗಿ ಕೂತಿವೆ. ಒಂದೊಂದಕ್ಕೂ ಅದರದ್ದೇ ಜಾಗ ಇದೆ. ಚಿಪ್ಪಿನ ಅಂಚು ಆ ಜಾಗಕ್ಕೆ ಸರಿಯಾಗಿ ಕೂರೋ ಹಾಗೆ ಸವೆದಿರುತ್ತೆ. ನೀವು ವಾಷರ್ ಕೂರಿಸ್ತೀರಲ್ಲ, ಹಾಗೆ. ಕಿತ್ತು ಎಸೆದ್ರೆ ಮಗುಚಿ ಬೀಳುತ್ತೆ, ಮತ್ತೆ ಅಂಟಿಕೊಳ್ಳೋದು ಕಷ್ಟ. ಏಡಿಯೋ ಮೀನೋ ತಿಂದುಹಾಕುತ್ತೆ."

ವಾಷರ್ ಎಂದಿದ್ದಕ್ಕೆ ಇವರಿಗೆ ಅರ್ಥವಾಯಿತು. ಸಡಿಲವಾದ ವಾಷರಿನ ಗತಿ ಏನೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುಖ ಸಣ್ಣದಾಯಿತು. "ಹಾಗಾದ್ರೆ ನಾನು ಇಷ್ಟು ದಿನ ಉಳಿಸಿದ್ದು..." ಎಂದರು.

ಅತ್ತೆ ಕಂಬಿಯ ಮೇಲಿಂದ ಬಗ್ಗಿ ಚಿಪ್ಪುಗಳನ್ನೇ ನೋಡುತ್ತಿದ್ದರು. "ಹಾಗಾದ್ರೆ ಇವು ಸಾಯೋವರೆಗೂ ಹೀಗೇ ಕೂತಿರ್ತಾವಾ?" ಎಂದು ಕೇಳಿದರು.

"ಇಲ್ಲ ದೊಡ್ಡಮ್ಮ. ನೀರು ಏರಿದ ಮೇಲೆ ಮೆಲ್ಲಗೆ ಹೊರಡ್ತಾವೆ. ಬಂಡೆ ಮೇಲಿನ ಪಾಚಿ ಮೇಯ್ಕೊಂಡು, ಮತ್ತೆ ತಮ್ಮ ಜಾಗಕ್ಕೇ ಬಂದು ಕೂರ್ತಾವೆ. ತಾವೇ ಹೋಗ್ತಾವೆ, ತಾವೇ ಬರ್ತಾವೆ."

ಅತ್ತೆ ಮಗನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಕೇಳಿದ್ಯೇನೋ? ಇಷ್ಟು ಚಿಕ್ಕ ಪ್ರಾಣಿ. ಅದಕ್ಕೂ ಹೊರಗೆ ಹೋಗೋದು ಗೊತ್ತು, ವಾಪಸ್ ಬರೋದು ಗೊತ್ತು. ನಿನ್ನಂಥ ಮಗ ಇದ್ದಿದ್ರೆ ಅದಕ್ಕೂ ಕುರ್ಚಿ ಹಾಕಿ ಕೂರಿಸಿರ್ತಿದ್ದ."

ತಾತ ಕೋಲು ಕುಟ್ಟಿ ನಕ್ಕರು. ಇವರು ನಗಲಿಲ್ಲ. ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು, ಮೇಲೆ ಹತ್ತಿ ಬಂದು, ಅಮ್ಮನ ಪಕ್ಕ ನಿಂತರು. "ನೀನು ಮತ್ತೆ ಬೀಳ್ತೀಯೇನೋ ಅಂತ ನನಗೆ ಭಯ ಅಮ್ಮ" ಎಂದರು. ಇಷ್ಟು ದಿನದ ಜಗಳದಲ್ಲಿ ಈ ಒಂದು ಮಾತು ಅವರ ಬಾಯಿಂದ ಬಂದಿರಲಿಲ್ಲ. ಬಂದಿದ್ದರೆ ನಾನು ಅಷ್ಟು ಕೂಗಾಡುತ್ತಲೂ ಇರಲಿಲ್ಲ.

"ಭಯ ಇದ್ರೆ ಕೈ ಹಿಡ್ಕೋ. ಕೂರಿಸಬೇಡ" ಎಂದರು ಅತ್ತೆ.

ವಾಪಸ್ ಬರುವಾಗ ಅತ್ತೆ ಮುಂದೆ ನಡೆದರು. ಒಂದು ಬೆಂಚಿನಲ್ಲಿ ಕೂತರು, ಎದ್ದರು, ಮತ್ತೆ ನಡೆದರು. ಹಿಂದೆ ಅಮ್ಮಾ ಅಮ್ಮಾ ಅನ್ನುವ ರಾಗ ಕೇಳದೆ ತಿರುಗಿ ನೋಡಿದೆ. ಹಲಗೆಯ ದಾರಿಯ ನಟ್ಟನಡುವೆ ಕುರ್ಚಿ ಹಾಕಿಕೊಂಡು ನಮ್ಮ ಯಜಮಾನರೇ ಕೂತಿದ್ದಾರೆ! ಹೊತ್ತು ಹೊತ್ತು ಕುತ್ತಿಗೆ ಹಿಡಿದುಕೊಂಡಿತ್ತಂತೆ.

ಈಗ ಪ್ರತಿ ಭಾನುವಾರ ಅತ್ತೆ ನನಗಿಂತ ಮೊದಲು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ಅಡುಗೆಮನೆಗೆ ಗೋಡೆ ಹಿಡಿಯದೆ ಬರುತ್ತಾರೆ, ಬಂದು ನನ್ನ ಅಡುಗೆಗೆ ಹೆಸರಿಡುತ್ತಾರೆ. ಇರಲಿ, ಇಡಲಿ. ನಡಿಗೆಗೆ ಹೊರಟಾಗ ಮಗ ಅವರ ಒಂದು ಕೈ ಹಿಡಿದುಕೊಂಡು ಹೋಗುತ್ತಾರೆ. ಆದರೆ ನನ್ನ ಕರ್ಮ ಮಾತ್ರ ಮುಗಿದಿಲ್ಲ. ಇವರು ಈಗ ನಲ್ಲಿ ರಿಪೇರಿಗೆ ಹೋದ ಮನೆಯಲ್ಲೆಲ್ಲ, ಪೈಪು ಬಿಚ್ಚಿಟ್ಟು, ಚಿಪ್ಪು ಪ್ರಾಣಿಯ ಸಂಸಾರದ ಬಗ್ಗೆ ಭಾಷಣ ಮಾಡುತ್ತಾರೆ. ಯಾರಾದರೂ ನಡುವೆ ಬಾಯಿ ಹಾಕಿದರೆ "ಗೊತ್ತಪ್ಪಾ, ಗೊತ್ತು" ಅನ್ನುತ್ತಾರೆ. ಈ ಸಲ ನಿಜವಾಗಿಯೂ ಗೊತ್ತು, ಏನು ಮಾಡುವುದು!

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ನಿಮ್ಮ ಊರಿನ ಸಮುದ್ರದ ಪಕ್ಕದ ಉದ್ಯಾನದಲ್ಲೂ ಇಂಥ ಉಚಿತ ನಡಿಗೆ ಇದೆಯೇ ಎಂದು ಒಮ್ಮೆ ವಿಚಾರಿಸಿ. ಗೇಟಿನಲ್ಲಿ ಕೇಳಿದರೆ ಹೇಳುತ್ತಾರೆ. ಮನೆಯಲ್ಲಿ ವಯಸ್ಸಾದವರಿದ್ದರೆ, ಮೊಣಕಾಲು ನೋವಿನವರಿದ್ದರೆ ಮೊದಲೇ ತಿಳಿಸಿ, ನಿಧಾನದ ಗುಂಪಿಗೆ ಸೇರಿಸಿಕೊಳ್ಳಲು ಹೇಳಿ. ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ. ಸಮುದ್ರ ನಿಮಗಾಗಿ ಕಾಯುವುದಿಲ್ಲ, ನೀರು ಏರಿದರೆ ಬಂಡೆಯೂ ಇಲ್ಲ, ದಾರಿಯೂ ಇಲ್ಲ. ಜಾರದ ಚಪ್ಪಲಿ ಹಾಕಿಕೊಳ್ಳಿ, ಕುಡಿಯುವ ನೀರು ಮರೆಯಬೇಡಿ. ಅಲ್ಲಿ ಕಂಡದ್ದನ್ನು ಕಣ್ಣಿನಿಂದ ನೋಡಿ. ಕೀಳಬೇಡಿ, ಎತ್ತಿಕೊಂಡು ಬರಬೇಡಿ, ಉಳಿಸುತ್ತೇನೆ ಎಂದು ಹೊರಡುವ ಮುಂಚೆ ಬಲ್ಲವರನ್ನು ಒಂದು ಮಾತು ಕೇಳಿ.

ನಿಮ್ಮ ಮನೆಯ ಕಿಟಕಿಯ ಹತ್ತಿರವೂ ಯಾರೋ ಒಬ್ಬರು ಕೂತಿರಬಹುದು. ನೀವೇ ಪ್ರೀತಿಯಿಂದ ಕೂರಿಸಿರಬಹುದು. ಈ ಭಾನುವಾರ ಅವರಿಗೆ ಕೈ ಕೊಡಿ, ಎಬ್ಬಿಸಿ, ಕರೆದುಕೊಂಡು ಹೋಗಿ. ಕುರ್ಚಿ ಮನೆಯಲ್ಲೇ ಇರಲಿ.