ಚುಕ್ಕಿ ಪುಸ್ತಕದ ಪಾಠ

ಅಕ್ಕ ತೀರಿಕೊಂಡ ಸುದ್ದಿ ಬಂದಾಗ ಮೇಷ್ಟ್ರು ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದರು. ಫೋನು ಎತ್ತಿದವರು ಅವರ ಹೆಂಡತಿ. ಒಂದೆರಡು ಮಾತು ಕೇಳಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟರು. ಆ ಕಡೆ ಅಕ್ಕನ ಮಗ.

“ಮಾವ, ಅಮ್ಮ ಬೆಳಿಗ್ಗೆ ಏಳಲೇ ಇಲ್ಲ. ನಿದ್ದೆಯಲ್ಲೇ ಹೋಗ್ಬಿಟ್ಟಿದ್ದಾರೆ.”

“ಬರ್ತೀನಪ್ಪ,” ಎಂದರು ಮೇಷ್ಟ್ರು. ಅರ್ಧ ಕ್ಷೌರವಾಗಿದ್ದ ಮುಖವನ್ನು ಹಾಗೆಯೇ ಒರೆಸಿಕೊಳ್ಳಲು ಹೋದವರು ಕೈ ತಡೆದರು. ಗಡ್ಡ ಬಿಟ್ಟುಕೊಂಡು ಹೋದರೆ ಅಕ್ಕ ಸುಮ್ಮನಿರುತ್ತಿರಲಿಲ್ಲ. ಜೈಲಿನಿಂದ ತಪ್ಪಿಸಿಕೊಂಡು ಬಂದವನ ಹಾಗಿದ್ದೀಯಲ್ಲೋ ಎಂದು ಬಾಗಿಲಲ್ಲೇ ಶುರುಮಾಡುತ್ತಿದ್ದಳು. ಉಳಿದ ಅರ್ಧವನ್ನೂ ನಿಧಾನವಾಗಿ ಬೋಳಿಸಿಕೊಂಡರು. ಗಲ್ಲದ ಮೇಲೆ ಒಂದು ಗೀರು ಬಿತ್ತು. ಹೆಂಡತಿ ಮಗಳೊಂದಿಗೆ ಹಿಂದಿನಿಂದ ಬರುವುದೆಂದು ಮಾತಾಗಿ, ಅವರು ಸಿಕ್ಕಿದ ಬಸ್ಸು ಹತ್ತಿದರು.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಶ್ರವಣ ವಿಭಾಗದ ಮುಖ್ಯಸ್ಥರಾಗಿ ನಿವೃತ್ತರಾದವರು. ಕಿವಿ ಕೇಳಿಸದವರನ್ನು ಪರೀಕ್ಷಿಸುವುದು, ಅವರಿಗೆ ತಕ್ಕ ಯಂತ್ರ ಕೂರಿಸುವುದು, ಆ ವಿದ್ಯೆಯನ್ನು ಹುಡುಗ ಹುಡುಗಿಯರಿಗೆ ಕಲಿಸುವುದು, ಇದರಲ್ಲೇ ಅವರ ಆಯುಷ್ಯ ಕಳೆಯಿತು. ಊರಿಗೆಲ್ಲ ಮೇಷ್ಟ್ರಾದರೂ ಅಕ್ಕನಿಗೆ ಮಾತ್ರ ಅವರು ಗುಬ್ಬಿ. ತಲೆಯ ಕೂದಲೆಲ್ಲ ಉದುರಿ, ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ಮೇಲೂ ಆ ಹೆಸರು ಬದಲಾಗಲಿಲ್ಲ. ಕಿಟಕಿಯ ಪಕ್ಕ ಕುಳಿತಾಗ ಅವರಿಗೆ ಮೊದಲು ಹೊಳೆದದ್ದು ಅದೇ. ಇನ್ನು ಈ ಲೋಕದಲ್ಲಿ ತನ್ನನ್ನು ಗುಬ್ಬಿ ಎಂದು ಕರೆಯುವವರು ಯಾರೂ ಇಲ್ಲ.

ಬಸ್ಸು ಹೊರಟಿತು. ಮನಸ್ಸು ಹಿಂದಕ್ಕೆ ಹೊರಟಿತು.

ಅಪ್ಪ ಬೇಗ ಹೋಗಿಬಿಟ್ಟಿದ್ದರು. ಅಮ್ಮ ಬಟ್ಟೆ ಹೊಲಿಯುತ್ತಿದ್ದಳು. ಅಕ್ಕ ಓದು ನಿಲ್ಲಿಸಿ ಒಂದು ಕನ್ನಡಕದ ಅಂಗಡಿಗೆ ಸೇರಿದ್ದಳು. ಅಲ್ಲಿ ಗಾಜನ್ನು ಚೌಕಟ್ಟಿನ ಅಳತೆಗೆ ಉಜ್ಜುವುದು ಅವಳ ಕೆಲಸ. ಸಂಜೆ ಮನೆಗೆ ಬಂದರೆ ಬೆರಳಿನ ಸಂದಿಯಲ್ಲೆಲ್ಲ ಬಿಳಿ ಪುಡಿ. ಕೈ ತೊಳೆದು ದೇವರ ಮುಂದೆ ಕೂರದೆ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ.

ಗುಬ್ಬಿಯ ಕಣ್ಣಿನ ದೋಷ ಕಂಡುಹಿಡಿದವಳೂ ಅವಳೇ. ಟೊಮೆಟೊ ತರಲು ಕಳಿಸಿದರೆ ಹಣ್ಣಿನ ಜೊತೆ ಕಾಯಿಯನ್ನೂ ಆರಿಸಿ ತರುತ್ತಿದ್ದ. ಕಣ್ಣು ಮನೆಯಲ್ಲಿಟ್ಟು ಹೋಗಿದ್ದೆಯಾ ಎಂದು ಅಮ್ಮ ತಲೆಗೆ ಮೊಟಕುತ್ತಿದ್ದಳು. ಅಂಗಡಿಯಲ್ಲಿ, ಕಣ್ಣಿನ ಡಾಕ್ಟರುಗಳೂ ಬಳಸುವ, ಬಣ್ಣ ಪರೀಕ್ಷೆಯ ಒಂದು ಪುಸ್ತಕವಿತ್ತು. ಹಾಳೆ ತುಂಬ ಬಣ್ಣಬಣ್ಣದ ಚುಕ್ಕಿ, ಅದರ ನಡುವೆ ಬೇರೆ ಬಣ್ಣದ ಚುಕ್ಕಿಗಳಲ್ಲಿ ಬರೆದ ಒಂದು ಅಂಕಿ. ಒಂದು ದಿನ ಅಕ್ಕ ಆಟಕ್ಕೆಂದು ತೋರಿಸಿದಾಗ, ಅಂಕಿ ಎಲ್ಲಿದೆ ಎಂದು ಗುಬ್ಬಿ ಪುಸ್ತಕವನ್ನೇ ತಿರುಗಿಸಿ ನೋಡಿದ. ಅವನಿಗೆ ಕೆಂಪೂ ಹಸಿರೂ ಒಂದೇ ಕೆಸರಿನ ಬಣ್ಣ. ಅಕ್ಕ ಅದನ್ನು ಅಮ್ಮನಿಗೂ ಹೇಳಲಿಲ್ಲ. ಅಂದಿನಿಂದ ಟೊಮೆಟೊ ತರುವ ಕೆಲಸ ತಾನೇ ವಹಿಸಿಕೊಂಡಳು.

ಪಿಯುಸಿ ಮುಗಿಯುವ ಹೊತ್ತಿಗೆ ಗುಬ್ಬಿಯ ದಾರಿ ಗೊತ್ತಾಗಿತ್ತು. ಅಪ್ಪನ ತಮ್ಮ, ಅಂದರೆ ಚಿಕ್ಕಪ್ಪ, ರಕ್ತ ಕಫ ಪರೀಕ್ಷೆ ಮಾಡುವ ಒಂದು ಪುಟ್ಟ ಪ್ರಯೋಗಾಲಯ ನಡೆಸುತ್ತಿದ್ದರು. ಮಕ್ಕಳಿಲ್ಲದವರು. ಪ್ರಯೋಗಾಲಯದ ಪದವಿ ಮುಗಿಸಿಕೊಂಡು ಬಾ, ನನ್ನ ಕುರ್ಚಿಯಲ್ಲಿ ನಿನ್ನನ್ನೇ ಕೂರಿಸುತ್ತೇನೆ ಎಂದು ಮಾತು ಕೊಟ್ಟಿದ್ದರು. ವಿಶ್ವವಿದ್ಯಾಲಯ ಕೇಳಿದ ಜೀವಶಾಸ್ತ್ರ ರಸಾಯನಶಾಸ್ತ್ರದ ಅಂಕಗಳೆಲ್ಲ ಗುಬ್ಬಿಗೆ ಬಂದಿದ್ದವು. ವಯಸ್ಸು ಸರಿಯಿತ್ತು, ಚುಚ್ಚುಮದ್ದುಗಳಾಗಿದ್ದವು. ಉಳಿದದ್ದು ಒಂದೇ ಷರತ್ತು. ಆ ಪದವಿಗೆ ಸೇರುವವರಿಗೆ ಬಣ್ಣಗಳು ಸರಿಯಾಗಿ ಕಾಣುತ್ತವೆಂದು ವಿಶ್ವವಿದ್ಯಾಲಯದ ಕಣ್ಣಿನ ಡಾಕ್ಟರು ಬರೆದುಕೊಡಬೇಕು.

ಗುಬ್ಬಿ ಊಟ ಬಿಟ್ಟ. ಅಮ್ಮನಿಗೆ ಕಾರಣ ತಿಳಿಯದೆ ಹೊಟ್ಟೆನೋವಿಗೆ ಕಷಾಯ ಕುಡಿಸಿದಳು. ಅಕ್ಕ ಅವನ ಮುಖ ನೋಡಿ ನೋಡಿ ತಡೆಯಲಾರದೆ, ಒಂದು ಶನಿವಾರ ಅಂಗಡಿಯವರನ್ನು ಕೇಳಿ ಆ ಪುಸ್ತಕವನ್ನು ಮನೆಗೆ ತಂದಳು. ಇಬ್ಬರೂ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಗಳ ಮರೆಯಲ್ಲಿ ಕುಳಿತರು. ಕಂಡರೆ ತಾನೇ ಓದಬೇಕು, ಕಾಣದಿದ್ದರೆ ಬಾಯಿಪಾಠ ಮಾಡು ಎಂದು ಅಕ್ಕ ಶುರುಮಾಡಿದಳು.

ಗುಬ್ಬಿಯ ಬಾಯಿಪಾಠ ಚುರುಕು. ಎರಡು ಶನಿವಾರಗಳಲ್ಲಿ ಇಡೀ ಪುಸ್ತಕ ನಾಲಿಗೆಯ ಮೇಲಿತ್ತು. ಅಕ್ಕ ಹಾಳೆಗಳನ್ನು ಹಿಂದುಮುಂದು ಮಾಡಿ ಕೇಳಿದಳು, ಆಗಲೂ ತಪ್ಪಲಿಲ್ಲ. ಹೇಗೋ ಎಂದು ಬೆರಗಾಗಿ ಕೇಳಿದರೆ, ಗುಬ್ಬಿ ಹೆಮ್ಮೆಯಿಂದ ಗುಟ್ಟು ಬಿಟ್ಟುಕೊಟ್ಟ. ಎಣ್ಣೆ ಬೆರಳಿನ ಗುರುತಿದ್ದರೆ ಎಂಟು, ಮೂಲೆ ಹರಿದಿದ್ದರೆ ಐದು, ಕಾಫಿ ಕಲೆಯಿದ್ದರೆ ಎಪ್ಪತ್ತನಾಲ್ಕು. ಅಕ್ಕ ಹಣೆ ಹಣೆ ಚಚ್ಚಿಕೊಂಡಳು.

“ಲೋ ಮಂಗ, ಡಾಕ್ಟ್ರ ಪುಸ್ತಕದ ಮೇಲೆ ಯಾರೋ ಕಾಫಿ ಚೆಲ್ಲಿರೋದು?”

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕೆಳಗಿನಿಂದ ಅಮ್ಮ, ಮೇಲೇನು ಕೋತಿ ಕುಣಿತ ಎಂದು ಕೂಗುವವರೆಗೂ ನಕ್ಕರು. ಆಮೇಲೆ ಅಕ್ಕ ಬೇರೆ ದಾರಿ ಹುಡುಕಿದಳು. ಪ್ರತಿ ಹಾಳೆಯ ಕೆಳಗೂ ಸಣ್ಣಗೆ ಅದರ ಸಂಖ್ಯೆ ಅಚ್ಚಾಗಿತ್ತು. ಕಲೆಗಳನ್ನು ಮರೆತು ಆ ಸಂಖ್ಯೆಯನ್ನು ಹಿಡಿದು ಪಾಠ ಮತ್ತೆ ಮೊದಲಿನಿಂದ ನಡೆಯಿತು. ಬಸ್ಸಿನಲ್ಲಿ ಕುಳಿತ ಮೇಷ್ಟ್ರಿಗೆ ಆ ಮಾಳಿಗೆ, ಮುಖಕ್ಕೆ ತಾಗುತ್ತಿದ್ದ ಒದ್ದೆ ಬಟ್ಟೆಯ ತಂಪು, ತಪ್ಪಿದಾಗ ಅಕ್ಕ ಕಿವಿ ಹಿಂಡುತ್ತಿದ್ದ ನೋವು ಎಲ್ಲವೂ ಕಣ್ಣಿಗೆ ಕಟ್ಟಿದಂತಾಯಿತು. ಬದುಕಿನಲ್ಲಿ ಆಮೇಲೆ ಎಷ್ಟೋ ಓದಿದರು. ಅಷ್ಟು ಸಂತೋಷದಿಂದ ಏನನ್ನೂ ಕಲಿತಿರಲಿಲ್ಲ.

ಪರೀಕ್ಷೆಯ ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಡಾಕ್ಟರು ಹಾಳೆ ತಿರುಗಿಸಿದಂತೆಲ್ಲ ಗುಬ್ಬಿ ಪಟಪಟನೆ ಅಂಕಿ ಹೇಳಿದ. ಇಷ್ಟು ಚೂಪು ಕಣ್ಣು ಈ ವರ್ಷ ಯಾರದ್ದೂ ಬಂದಿಲ್ಲ ಎಂದು ಅವರು ಬೆನ್ನು ತಟ್ಟಿ ಸಹಿ ಹಾಕಿಕೊಟ್ಟರು. ಆ ಕಾಗದವನ್ನು ಪ್ರವೇಶ ವಿಭಾಗಕ್ಕೆ ಕೊಡುವುದು ಮರುದಿನವೆಂದು, ಅಕ್ಕ ತಮ್ಮ ಇಬ್ಬರೂ ಆ ಖುಷಿಯಲ್ಲಿ ಚಿಕ್ಕಪ್ಪನಲ್ಲಿಗೆ ಹೋದರು.

ಚಿಕ್ಕಪ್ಪನ ಸಂಭ್ರಮ ಹೇಳತೀರದು. ಸಂಬಳವಿಲ್ಲದ ಸಹಾಯಕ ಸಿಕ್ಕ ಎಂದು ತಮಾಷೆ ಮಾಡಿದರು. ಬಾ, ನಿನ್ನ ಕುರ್ಚಿಯಲ್ಲಿ ಕೂತು ನೋಡು ಎಂದು ಗುಬ್ಬಿಯನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಕೆಳಗೆ ಯಾರದೋ ಕಫ ಸವರಿದ ಗಾಜಿನ ಪಟ್ಟಿ. ಹಸಿರು ಹಿನ್ನೆಲೆಯ ಮೇಲೆ ಕೆಂಪು ಕಡ್ಡಿಗಳು ಕಂಡರೆ ಕ್ಷಯ, ಕಾಣದಿದ್ದರೆ ಮನೆಗೆ ಕಳಿಸಬಹುದು ಎಂದು ವಿವರಿಸಿದರು. ಗುಬ್ಬಿ ತುಂಬ ಹೊತ್ತು ನೋಡಿದ.

“ಏನೂ ಇಲ್ಲ ಚಿಕ್ಕಪ್ಪ. ಶುದ್ಧವಾಗಿದೆ,” ಎಂದ.

ಅಕ್ಕನೂ ಆಸೆಪಟ್ಟು ಕಣ್ಣಿಟ್ಟಳು. ಹಸಿರಿನ ತುಂಬ ಕೆಂಪು ಕಡ್ಡಿಗಳು ಚೆಲ್ಲಿದ್ದವು. ಮೊದಮೊದಲು ಎಲ್ಲರಿಗೂ ಹೀಗೇ, ಅಭ್ಯಾಸವಾದರೆ ಕಾಣುತ್ತೆ ಎಂದು ಚಿಕ್ಕಪ್ಪ ನಕ್ಕರು. ಅಕ್ಕ ನಗಲಿಲ್ಲ. ಆ ಗಾಜು ಯಾರದು ಎಂದು ಕೇಳಿದಳು. ಹೊರಗೆ ಬೆಂಚಿನ ಮೇಲೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳಲ್ಲ, ಆಕೆಯದು ಎಂದರು ಚಿಕ್ಕಪ್ಪ.

ಅಕ್ಕ ಮನೆಗೆ ಬಂದು ಕೈಕಾಲು ತೊಳೆದು ದೇವರ ಮುಂದೆ ಕುಳಿತಳು. ಕುಳಿತವಳು ಕಣ್ಣು ಮುಚ್ಚಿದಳು, ಬಿಟ್ಟಳು, ಮತ್ತೆ ಮುಚ್ಚಿದಳು. ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಎದ್ದು ಬಂದು ಗುಬ್ಬಿಯ ಎದುರು ನಿಂತಳು.

“ನಾಳೆ ಡಾಕ್ಟ್ರ ಹತ್ರ ವಾಪಸ್ ಹೋಗೋಣ. ಇದ್ದದ್ದು ಇದ್ದ ಹಾಗೆ ಹೇಳ್ಬಿಡೋಣ.”

“ನಿಂಗೇನು ತಲೆ ಕೆಟ್ಟಿದ್ಯಾ? ಕಲಿಸಿದೋಳು ನೀನೇ ತಾನೆ?”

“ಹೌದು, ನಾನೇ ಕಲಿಸಿದ್ದು. ನಿನ್ನ ಸಪ್ಪೆ ಮುಖ ನೋಡೋಕಾಗದೆ ಕಲಿಸಿದೆ. ಆ ಬೆಂಚಿನ ಮೇಲೆ ಕೂತವಳ ಮುಖ ಆಗ ನಾನು ನೋಡಿರಲಿಲ್ಲ ಗುಬ್ಬಿ.”

ಗುಬ್ಬಿ ಕೂಗಾಡಿದ. ಅಂಗಡಿಯಲ್ಲಿ ಗಾಜು ಉಜ್ಜುವವಳಿಗೆ ತಮ್ಮನ ಏಳಿಗೆ ಸಹಿಸಲಾಗುವುದಿಲ್ಲ ಎಂದೂ ಅಂದುಬಿಟ್ಟ. ಅಕ್ಕ ಆ ಮಾತನ್ನು ನುಂಗಿಕೊಂಡು ಅವನಿಗೆ ಊಟ ಬಡಿಸಿದಳು.

ಮರುದಿನ ಅವಳು ಮುಂದೆ, ಅವನು ನಾಲ್ಕು ಮಾರು ಹಿಂದೆ. ಅಪರಿಚಿತರ ಹಾಗೆ ನಡೆದುಹೋದರು. ಡಾಕ್ಟರ ಕೋಣೆಯಲ್ಲಿ ಅಕ್ಕ ಕಾಗದವನ್ನು ಮೇಜಿನ ಮೇಲಿಟ್ಟು ಕೈ ಜೋಡಿಸಿ ನಿಂತಳು.

“ಸಾರ್, ನಿನ್ನೆ ಇವನು ಓದಿದ್ದು ಕಣ್ಣಿಂದಲ್ಲ. ನಾನು ಬಾಯಿಪಾಠ ಮಾಡಿಸಿದ್ದೆ. ಬೈಯೋದಿದ್ರೆ ನನ್ನ ಬೈಯಿರಿ.”

ಡಾಕ್ಟರು ಇಬ್ಬರನ್ನೂ ದಿಟ್ಟಿಸಿದರು. ಪುಸ್ತಕ ತೆಗೆದು, ಕೆಳಗಿನ ಸಂಖ್ಯೆಯನ್ನು ಹೆಬ್ಬೆರಳಿನಿಂದ ಮುಚ್ಚಿ, ನಡುವಿನ ಒಂದು ಹಾಳೆ ಹಿಡಿದು ಏನು ಕಾಣುತ್ತದೆ ಎಂದು ಕೇಳಿದರು.

“ಚುಕ್ಕಿ ಕಾಣುತ್ತೆ ಸಾರ್,” ಎಂದ ಗುಬ್ಬಿ, ನೆಲ ನೋಡುತ್ತ.

ಡಾಕ್ಟರ ಮೀಸೆ ಅಲುಗಿತು. ನಗುವೋ ಸಿಟ್ಟೋ ತಿಳಿಯಲಿಲ್ಲ. ನಿನ್ನೆ ಬರೆದದ್ದನ್ನು ಹರಿದು ಬುಟ್ಟಿಗೆ ಹಾಕಿ, ಕೆಂಪು ಹಸಿರು ಬೇರೆಯಾಗಿ ಕಾಣುವುದಿಲ್ಲ ಎಂದು ಬೇರೊಂದು ಬರೆದುಕೊಟ್ಟರು. ಇನ್ನು ನಿಲ್ಲಬೇಡಿ, ಹೊರಗೆ ಜನ ಕಾಯುತ್ತಿದ್ದಾರೆ ಎಂದಷ್ಟೇ ಹೇಳಿದರು.

ಗುಬ್ಬಿ ಮನೆಗೆ ಹೊರಟುಬಿಡುತ್ತಿದ್ದ. ಅಕ್ಕ ಅವನ ರಟ್ಟೆ ಹಿಡಿದು ಪ್ರವೇಶ ವಿಭಾಗಕ್ಕೆ ಎಳೆದೊಯ್ದಳು. ಉದ್ದನೆಯ ಕೋಣೆ, ಗೋಡೆಯ ತುಂಬ ಷರತ್ತುಗಳ ಹಲಗೆಗಳು, ಕಿಟಕಿಯ ಆಚೆ ಕನ್ನಡಕಕ್ಕೆ ದಾರ ಕಟ್ಟಿಕೊಂಡ ಒಬ್ಬ ಗುಮಾಸ್ತೆ. ಪ್ರಯೋಗಾಲಯದ ಪದವಿಗೆ ಆಗುವುದಿಲ್ಲ, ಎಷ್ಟು ಬೇಡಿಕೊಂಡರೂ ಆಗುವುದಿಲ್ಲ ಎಂದು ಆಕೆ ಕಾಗದ ಹಿಂದಕ್ಕೆ ತಳ್ಳಿದರು. ಇದೇ ಅಂಕಗಳಿಗೆ ಇಲ್ಲಿ ಬೇರೆ ಏನು ಸಿಗುತ್ತದೆ ಎಂದು ಅಕ್ಕ ಪಟ್ಟುಬಿಡದೆ ಕೇಳಿದಳು. ಗುಮಾಸ್ತೆ ಒಂದೊಂದಾಗಿ ನೋಡುತ್ತ ಹೋಗಿ, ಕಿವಿ ಮತ್ತು ಮಾತಿನ ಪದವಿಯಲ್ಲಿ ಇನ್ನೂ ಜಾಗ ಇದೆ, ಅದಕ್ಕೆ ಬಣ್ಣದ ಷರತ್ತಿಲ್ಲ, ಆದರೆ ಕಿವಿ ಚೆನ್ನಾಗಿರಬೇಕು, ಇವನ ಕಿವಿ ಹೇಗಿದೆ ಎಂದರು.

“ಅಮ್ಮ ಅಡುಗೆಮನೇಲಿ ಡಬ್ಬಿ ಮುಚ್ಚಳ ತೆಗೆದ್ರೆ ಇವನಿಗೆ ಬೀದಿ ಕೊನೇಲಿ ಕೇಳುತ್ತೆ, ಮೇಡಂ,” ಎಂದಳು ಅಕ್ಕ.

ಗುಮಾಸ್ತೆ ನಕ್ಕರು. ಗುಬ್ಬಿ ನಗಲಿಲ್ಲ. ಆದರೂ ಕಿವಿ ಪರೀಕ್ಷೆಯ ಗಾಜಿನ ಕೋಣೆಯಲ್ಲಿ ಕುಳಿತು, ಶಬ್ದ ಕೇಳಿದಾಗ ಬೆರಳೆತ್ತಿದ. ಯಾರೂ ಹೇಳಿಕೊಟ್ಟಿರಲಿಲ್ಲ. ಎಲ್ಲವೂ ತಾನಾಗಿ ಕೇಳಿತು. ಅವನಿಗೆ ಸೀಟು ಸಿಕ್ಕಿತು.

ಸಿಕ್ಕಿದರೂ ಮನಸ್ಸು ಹಗುರಾಗಲಿಲ್ಲ. ಚಿಕ್ಕಪ್ಪ ಮುಖ ತಿರುಗಿಸಿಕೊಂಡರು, ಕುರ್ಚಿ ಬೇರೆಯವರ ಪಾಲಾಯಿತು. ಗುಬ್ಬಿ ಬಲವಂತದ ಊಟದ ಹಾಗೆ ಪಾಠ ಕೇಳಿದ. ಅಕ್ಕನೊಂದಿಗೆ ಹೂಂ, ಊಹೂಂ ಬಿಟ್ಟರೆ ಮಾತಿಲ್ಲ. ಅಕ್ಕ ಮಾತ್ರ ದಿನವೂ ಅವನ ಅಂಗಿಗೆ ಇಸ್ತ್ರಿ ಹಾಕಿಡುತ್ತಿದ್ದಳು.

ಹೀಗಿರುವಾಗ ವಿಭಾಗಕ್ಕೆ ಒಬ್ಬ ಮುದುಕ ಬಡಗಿ ಬಂದ. ವರ್ಷಗಳಿಂದ ಅವನಿಗೆ ಕಿವಿ ಮಂದ. ಹಿರಿಯ ಅಧ್ಯಾಪಕರು ಅವನಿಗೆ ಯಂತ್ರ ಹೊಂದಿಸುವ ಕೆಲಸವನ್ನು ಗುಬ್ಬಿಗೆ ವಹಿಸಿದರು. ಗುಬ್ಬಿ ಗುಂಡಿ ತಿರುಗಿಸುತ್ತಿದ್ದಾಗ ಬಡಗಿ ಸುಮ್ಮನೆ ತನ್ನೆರಡು ಅಂಗೈಗಳನ್ನು ಉಜ್ಜಿದ. ಒರಟು ಅಂಗೈಗಳು ಸರಸರ ಸದ್ದು ಮಾಡಿದವು. ಬಡಗಿ ಬೆಚ್ಚಿ ನಿಲ್ಲಿಸಿದ. ಮತ್ತೆ ಉಜ್ಜಿದ. ನನ್ನ ಕೈ ಹೀಗೆ ಸದ್ದು ಮಾಡುತ್ತದೆಂದು ನನಗೇ ಮರೆತುಹೋಗಿತ್ತು ಮಗ ಎಂದು ನಗುತ್ತ ನಗುತ್ತ ಕಣ್ಣೊರೆಸಿಕೊಂಡ.

ಗುಬ್ಬಿ ಅಂದು ಸಂಜೆ ಓಡುತ್ತಲೇ ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ ಅಕ್ಕನಿಗೆ ಎಲ್ಲವನ್ನೂ ಹೇಳಿದ, ಅಂಗೈ ಉಜ್ಜಿ ತೋರಿಸಿದ. ಅಕ್ಕ ಕೇಳಿದಳು, ಮತ್ತೊಮ್ಮೆ ಹೇಳಿಸಿ ಕೇಳಿದಳು. ಆಮೇಲೆ ಕೈ ತೊಳೆದು ದೇವರ ಮುಂದೆ ಕುಳಿತಳು. ಆ ಸಂಜೆ ಅವಳು ಏಳಲು ಬಹಳ ಹೊತ್ತಾಯಿತು, ಅಮ್ಮ ಎರಡು ಸಲ ಊಟಕ್ಕೆ ಕರೆಯಬೇಕಾಯಿತು.

ವಯಸ್ಸಾದ ಮೇಲೆ ಅಕ್ಕನ ಕಿವಿಯೂ ಮಂದವಾಯಿತು. ಮೇಷ್ಟ್ರು ತಾವೇ ಯಂತ್ರ ಹೊಂದಿಸಿಕೊಟ್ಟರು. ಪ್ರಾರ್ಥನೆಯ ಹೊತ್ತಿಗೆ ಮಾತ್ರ ಅವಳು ಅದನ್ನು ತೆಗೆದಿಡುತ್ತಿದ್ದಳು. ಯಾಕೆಂದು ಕೇಳಿದರೆ, “ಕೇಳಿಸಿಕೊಳ್ಳೋನು ಅವನು ಕಣೋ, ಯಂತ್ರ ನನಗ್ಯಾಕೆ” ಎಂದಿದ್ದಳು.

ಬಸ್ಸು ನಿಂತಿತು. ಅಕ್ಕನ ಮನೆಯ ಮುಂದೆ ಚಪ್ಪಲಿಗಳು ರಾಶಿಬಿದ್ದಿದ್ದವು. ಅಕ್ಕನ ಮಗ ಬಂದು ಕೈ ಹಿಡಿದು ಒಳಗೆ ಕರೆದೊಯ್ದ. ಅಕ್ಕನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಮುಖ ತಿಳಿಯಾಗಿತ್ತು. ಹಿರಿಯರು ನೀವು, ಎಲ್ಲರ ಪರವಾಗಿ ನೀವೇ ಪ್ರಾರ್ಥನೆ ಹೇಳಿ ಮಾವ ಎಂದ. ಮೇಷ್ಟ್ರು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಸುತ್ತಲಿನ ಅಳು ತಗ್ಗಿತು.

“ದೇವರೇ,” ಎಂದರು ಅವರು, “ಇವಳು ನಿನ್ನ ಮುಂದೆ ಸುಳ್ಳು ಇಟ್ಟುಕೊಂಡು ಒಂದು ಸಂಜೆಯೂ ಕೂರಲಾರದೆ ಹೋದವಳು. ನನ್ನ ಸಿಟ್ಟನ್ನು ತಾನು ಹೊತ್ತು ನನ್ನನ್ನು ದಾರಿಗೆ ಹಚ್ಚಿದಳು. ನನ್ನ ಕೈಯಿಂದ ಯಾರಿಗಾದರೂ ಒಳ್ಳೆಯದಾಗಿದ್ದರೆ ಅದರ ಪುಣ್ಯವೆಲ್ಲ ಇವಳಿಗೆ ಸೇರಲಿ. ತುಂಬ ದುಡಿದಿದ್ದಾಳೆ, ತಂದೆ. ಇವಳನ್ನು ನಿನ್ನ ಹತ್ತಿರ ಕೂರಿಸಿಕೋ. ಇವಳ ಆತ್ಮಕ್ಕೆ ಶಾಂತಿ ಕೊಡು.”