ಕುಂಕುಮದ ಕೆಳಗಿನ ಗೀರು

ನಾನು ಒಂದು ಪೋಲ್‌ವಾಲ್ಟ್ ಕೋಲು, ನೆಲಕ್ಕೆ ಊರಿ ಎತ್ತರ ಹಾರುವವರ ಆಸರೆ. ಹುಟ್ಟಾ ಪುಕ್ಕಲ. ಗಾಜಿನ ನಾರನ್ನು ಉಕ್ಕಿನ ಕೊಳವೆಗೆ ಸುತ್ತಿ, ಅಂಟು ಕುಡಿಸಿ, ಒಲೆಯಲ್ಲಿ ಬೇಯಿಸಿ ನನ್ನನ್ನು ಮಾಡಿದರು. ತಣ್ಣಗಾದ ಮೇಲೆ ಗಟ್ಟಿಯೋ ಪೊಳ್ಳೋ ಎಂದು ಬಗ್ಗಿಸಿ ನೋಡಿದರು. ನನ್ನ ಜೊತೆಗೇ ಹುಟ್ಟಿದ ಒಂದು ಕೋಲು ಹಾಗೆ ಬಗ್ಗಿಸುವಾಗ ಪಟಾರನೆ ಮುರಿಯಿತು. ಅದನ್ನು ಕಸದ ಜೊತೆ ಗುಡಿಸಿ ಹಾಕಿದರು. ಅವತ್ತು ಹೊಕ್ಕ ಹೆದರಿಕೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ನಮ್ಮ ಜಾತಿಯೇ ವಿಚಿತ್ರ. ಬಡಿದರೂ ಬಗ್ಗಿಸಿದರೂ ತಡೆದುಕೊಳ್ಳುತ್ತೇವೆ, ಮೈಮೇಲೆ ಒಂದು ಆಳವಾದ ಗೀರು ಬಿದ್ದರೆ ಮುಗಿಯಿತು. ಯಾವಾಗ ಎರಡಾಗುತ್ತೇವೋ ನಮಗೇ ಗೊತ್ತಾಗುವುದಿಲ್ಲ. ಆಗ ನಮ್ಮ ತುದಿಯಲ್ಲಿ ಒಂದು ಹುಡುಗಿ ತಲೆಕೆಳಗಾಗಿ ನೇತಾಡುತ್ತಿರುತ್ತಾಳೆ.

ನನ್ನನ್ನು ಮೊದಲು ಕೊಂಡವಳು ಕುಮಟೆಯ ಮೇಘಾ. ಎಳೆ ಕೂಸಿನ ಹಾಗೆ ಹಳೆ ರಗ್ಗಿನಲ್ಲಿ ಸುತ್ತಿ ಇಡುತ್ತಿದ್ದಳು. ಅವಳು ಬೆಳೆದಳು, ಅವಳ ತೂಕಕ್ಕೆ ನಾನು ಸಾಲದಾದೆ. ಬಾಗಲಕೋಟೆಯ ಕ್ರೀಡಾ ಹಾಸ್ಟೆಲಿನ ತರಬೇತುದಾರ ಹುಚ್ಚೇಶ ಸರ್ ಬಂದು ಕೇಳಿದಾಗ ಕೊಟ್ಟುಬಿಟ್ಟಳು. ಹಾಗೆ ನಾನು ದಾನಮ್ಮನ ಕೈ ಸೇರಿದೆ.

ದಾನಮ್ಮನ ಕೈ ಒರಟು, ಹಿಡಿತ ಬಿಗಿ. ಮಾತು ಕಡಿಮೆ. ಅವಳ ತೂಕಕ್ಕೆ ಹೊಂದುವ ಕೋಲು ಹಾಸ್ಟೆಲಿನಲ್ಲಿ ನಾನೊಬ್ಬನೇ. ನಾನಿಲ್ಲದಿದ್ದರೆ ಅವಳಿಗೆ ಹಾರಾಟವಿಲ್ಲ. ಆ ವರ್ಷ ಉತ್ತರ ವಲಯ ಕ್ರೀಡಾಕೂಟವನ್ನು ನಾಲ್ಕು ಊರಿಗೆ ಹಂಚಿದ್ದರು. ಕುಸ್ತಿ ಬೆಳಗಾವಿಗೆ, ಸೈಕಲ್ ವಿಜಯಪುರಕ್ಕೆ, ಈಜು ಹುಬ್ಬಳ್ಳಿಗೆ, ಓಟ ಜಿಗಿತಗಳೆಲ್ಲ ಧಾರವಾಡಕ್ಕೆ. ಮೊದಲ ಮೂವರಲ್ಲಿ ಬಂದವರಿಗೆ ರಾಜ್ಯದ ದೊಡ್ಡ ಹಾಸ್ಟೆಲಿನಲ್ಲಿ ಜಾಗ. ದಾನಮ್ಮನ ವಯಸ್ಸಿನವರಿಗೆ ಅದೇ ಕೊನೆಯ ಅವಕಾಶ.

ಜಿಲ್ಲಾ ಆಯ್ಕೆ ಮುಗಿಸಿ ಬರುವಾಗ ನನ್ನನ್ನು ಕ್ರೂಸರ್ ಗಾಡಿಯ ತಲೆಯ ಮೇಲೆ ಕಟ್ಟಿದ್ದರು. ದಾರಿಯೋ, ದೇವರೇ ಗತಿ. ಗುಂಡಿ ಗುಂಡಿಗೂ ಕ್ಯಾರಿಯರಿನ ಕಬ್ಬಿಣದ ಅಂಚು ನನ್ನ ನಡುವನ್ನು ಕೊರೆಯಿತು. ಕೂಗೋಣವೆಂದರೆ ಬಾಯಿಲ್ಲ.

ಮರುವಾರವೇ ಆಯುಧ ಪೂಜೆ. ಹಾಸ್ಟೆಲಿನಲ್ಲಿ ಗುಂಡು, ಚಕ್ರ, ಭರ್ಚಿ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟರು. ನನ್ನನ್ನು ಒರೆಸಿದವಳು ದಾನಮ್ಮ. ಬಟ್ಟೆ ನಡುವಿಗೆ ಬಂದಾಗ ಅವಳ ಕೈ ನಿಂತಿತು. ಉಗುರಿನಿಂದ ಗೀರನ್ನು ಕೆರೆದು ನೋಡಿದಳು. ಉಗುರು ಒಳಗೆ ಸಿಕ್ಕಿತು. ಸದ್ಯ, ಗೊತ್ತಾಯಿತಲ್ಲ ಎಂದು ನಾನು ಉಸಿರು ಬಿಟ್ಟೆ. ಅವಳು ಸುತ್ತ ಒಮ್ಮೆ ನೋಡಿ, ವಿಭೂತಿಯನ್ನು ನೀರಲ್ಲಿ ಕಲಸಿ ಗೀರಿನೊಳಗೆ ಮೆತ್ತಿ, ಮೇಲೆ ಅಂಗೈ ಅಗಲ ಕುಂಕುಮ ಬಳಿದಳು.

ಪೂಜೆಯ ಕುಂಕುಮವನ್ನು ಒರೆಸುವವರು ಯಾರು? ತಾನಾಗಿ ಹೋಗುವವರೆಗೂ ಬಿಡುವುದು ಅಲ್ಲಿಯ ರೂಢಿ. ಅದು ತಾನಾಗಿ ಹೋಗದಂತೆ ದಾನಮ್ಮ ದಿನಾ ಬೆಳಿಗ್ಗೆ ಹೊಸದಾಗಿ ಹಚ್ಚುತ್ತಿದ್ದಳು. ಎಂಥ ಭಕ್ತಿ ನೋಡ್ರಿ ಈ ಹುಡುಗೀದು ಎಂದು ಹುಚ್ಚೇಶ ಸರ್ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ನನಗೆ ಮಾತ್ರ ಗೊತ್ತಿತ್ತು, ಹಚ್ಚುವ ಮೊದಲು ಅವಳು ದಿನಾ ಉಗುರಿನಿಂದ ಗೀರಿನ ಆಳ ನೋಡುತ್ತಿದ್ದಳು. ಅಭ್ಯಾಸದಲ್ಲಿ ನನ್ನನ್ನು ಪೂರ್ತಿ ಬಗ್ಗಿಸದೆ ಸಣ್ಣ ಸಣ್ಣ ಜಿಗಿತ ಮಾಡಿ, ಕಾಲು ನೋವೆಂದು ಕೂತುಬಿಡುತ್ತಿದ್ದಳು. ನನ್ನ ಜೀವದ ಚಿಂತೆ ನನಗಿರಲಿಲ್ಲ. ಇವಳ ಕುತ್ತಿಗೆ ಮುರಿದರೆ ಏನು ಗತಿ ಎಂದು ಒಳಗೊಳಗೇ ಒದ್ದಾಡಿದೆ.

ಧಾರವಾಡದಲ್ಲಿ ಪಂದ್ಯದ ದಿನ ಒಂದು ಗೊಂದಲವಾಯಿತು. ಗದಗಿನ ಹುಡುಗಿ ಫಕೀರವ್ವನ ಕೋಲು ಬಂದಿರಲಿಲ್ಲ. ಸೈಕಲ್ ಹೇರಿದ ಲಾರಿಗೆ ಅದನ್ನೂ ಹಾಕಿ ಯಾರೋ ಪುಣ್ಯಾತ್ಮರು ವಿಜಯಪುರಕ್ಕೆ ಕಳಿಸಿಬಿಟ್ಟಿದ್ದರು. ಅತ್ತು ಅತ್ತು ಅವಳ ಕಣ್ಣುಗಳು ಕೆಂಪಾಗಿದ್ದವು. ತೂಕದಲ್ಲಿ ಅವಳೂ ದಾನಮ್ಮನೂ ಒಂದೇ.

"ಅಕ್ಕಾ, ನಿನ್ನ ಕೋಲು ಒಂದ್ ಸಲ ಕೊಡ್ತಿ ಏನ?" ಎಂದಳು.

ದಾನಮ್ಮ ಅವಳ ಮುಖ ನೋಡದೆ ಆಗುವುದಿಲ್ಲ ಎಂದಳು. ಸುತ್ತಲಿದ್ದವರು ಮೂಗು ಮುರಿದರು. ಏನು ಸೊಕ್ಕು ಎಂದು ಯಾರೋ ಕೇಳಿಸುವಂತೆಯೇ ಅಂದರು. ಹುಚ್ಚೇಶ ಸರ್ ಮುಖ ಸಣ್ಣದಾಯಿತು.

ದಾನಮ್ಮನ ಸರದಿ ಬಂತು. ಓಡಿದಳು, ನನ್ನ ಬುಡವನ್ನು ಅಡ್ಡಪಟ್ಟಿಯ ಕೆಳಗಿನ ಗುಳಿಯಲ್ಲಿ ಊರಿದಳು, ನಾನು ಬಿಲ್ಲಾಗಿ ಬಾಗಿದೆ. ಕುಂಕುಮದ ಕೆಳಗೆ ನಾರುಗಳು ಚಟಚಟ ಹರಿಯುವುದು ನನಗೆ ಕೇಳಿಸಿತು. ಬೇಡವೇ ತಾಯಿ, ಬೇಡವೇ ಎನ್ನುತ್ತಿರುವಾಗಲೇ ಅವಳು ಅಡ್ಡಪಟ್ಟಿಯನ್ನು ದಾಟಿ ಮ್ಯಾಟಿನ ಮೇಲೆ ಬಿದ್ದಳು. ಜನ ಚಪ್ಪಾಳೆ ತಟ್ಟಿದರು. ನಾನು ನೆಲಕ್ಕೆ ಬಿದ್ದು ಸತ್ತವನಂತೆ ಮಲಗಿದ್ದೆ.

ಅವಳು ಏಳುವಷ್ಟರಲ್ಲಿ ಹುಚ್ಚೇಶ ಸರ್ ನನ್ನನ್ನು ಎತ್ತಿಕೊಂಡು ಹೋಗಿ ಫಕೀರವ್ವನ ಕೈಗೆ ಕೊಟ್ಟಿದ್ದರು. ಕೋಲು ಹಾಸ್ಟೆಲಿನದು, ಯಾರಪ್ಪನ ಮನೆಯದೂ ಅಲ್ಲ, ನೀ ಹಾರವ್ವಾ ಎಂದು ಬೆನ್ನು ತಟ್ಟಿದರು. ಒಳ್ಳೆಯ ಮನುಷ್ಯ. ಆ ಒಳ್ಳೆಯತನ ಕಂಡು ನನ್ನ ಜೀವವೇ ಹಾರಿಹೋಯಿತು. ಫಕೀರವ್ವ ಪೂಜೆಯ ಕುಂಕುಮವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಓಡಲು ಶುರು ಮಾಡಿದಳು. ಗೀರಿನ ವಿಷಯ ಗೊತ್ತಿಲ್ಲದ ಹುಡುಗಿ. ನನ್ನನ್ನು ಪೂರ್ತಿ ಬಗ್ಗಿಸಿಯೇ ಬಗ್ಗಿಸುತ್ತಾಳೆ.

ದಾನಮ್ಮ ಓಟದ ದಾರಿಗೇ ಅಡ್ಡ ಬಂದಳು. ಎರಡೂ ಕೈ ಚಾಚಿ ನಿಂತಳು. ಫಕೀರವ್ವ ತಡೆಯಲಾರದೆ ಅವಳಿಗೆ ಡಿಕ್ಕಿ ಹೊಡೆದಳು, ಇಬ್ಬರೂ ಬಿದ್ದರು. ಸೀಟಿಗಳು ಕೂಗಿದವು. ಹುಚ್ಚೇಶ ಸರ್ ಹೊಡೆಯಲು ಕೈ ಎತ್ತಿಕೊಂಡೇ ಓಡಿ ಬಂದರು.

"ಅದು ಸೀಳೈತ್ರಿ ಸರ್," ಎಂದಳು ದಾನಮ್ಮ. ಅಂಗಿಯ ಚುಂಗಿನಿಂದ ನನ್ನ ನಡುವನ್ನು ಗಸಗಸ ಒರೆಸಿದಳು.

ಸರ್ ಎತ್ತಿದ ಕೈ ಇಳಿಸಿದರು. ನನ್ನ ಬುಡವನ್ನು ನೆಲಕ್ಕೆ ಊರಿ, ಮೇಲಿನ ತುದಿಗೆ ಸ್ವಲ್ಪ ಭಾರ ಬಿಟ್ಟರು, ಅಷ್ಟೇ. ನಾನು ಎರಡು ತುಂಡಾದೆ. ಫಕೀರವ್ವ ತನ್ನ ಕುತ್ತಿಗೆಯನ್ನು ಕೈಯಿಂದ ಮುಟ್ಟಿ ನೋಡಿಕೊಂಡಳು.

"ಇದರ ಮ್ಯಾಲ ಹಾರಿದೇನ ನೀ? ಹೆದರಿಕಿ ಆಗ್ಲಿಲ್ಲೇನ?" ಸರ್ ಎರಡೂ ತುಂಡುಗಳನ್ನು ಎತ್ತಿ ಹಿಡಿದು ಕೇಳಿದರು.

"ಭಾಳ ಆತ್ರೀ ಸರ್. ಆದ್ರ ಅಕಿ ಹಾರೂದನ್ನ ಸುಮ್ನ ಕುಂತ ನೋಡೂದು ಅಂದ್ರ ಅದಕಿಂತ ಜಾಸ್ತಿ ಹೆದರಿಕಿ ಆತು."

ಅಷ್ಟು ಹೇಳಿ ದಾನಮ್ಮ ಓಟದ ದಾರಿಯ ಅಂಚಿನಲ್ಲಿ ಕೂತುಬಿಟ್ಟಳು. ಫಕೀರವ್ವ ಪಕ್ಕದಲ್ಲಿ ಕೂತು, ಬಿದ್ದಾಗ ತರಚಿದ ಅವಳ ಮೊಣಕಾಲನ್ನು ಒತ್ತಿ ಹಿಡಿದಳು. ಉಳಿದವರು ಹಾರಿ ಮುಗಿಸುವವರೆಗೂ ಇಬ್ಬರೂ ಅಲ್ಲೇ ಕೂತಿದ್ದರು. ದಾನಮ್ಮನಿಗೆ ನಾಲ್ಕನೆಯ ಸ್ಥಾನ, ಫಕೀರವ್ವನಿಗೆ ಯಾವ ಸ್ಥಾನವೂ ಇಲ್ಲ.

ಈಗ ನನ್ನ ಉದ್ದನೆಯ ತುಂಡು ಹಾಸ್ಟೆಲಿನ ಹಿತ್ತಲಿನಲ್ಲಿದೆ, ಬಟ್ಟೆ ಒಣಹಾಕುವ ಹಗ್ಗಕ್ಕೆ ಆಸರೆಯಾಗಿ. ಹುಡುಗಿಯರು ಬಟ್ಟೆ ಹರವುತ್ತ ಆಡುವ ಮಾತುಗಳಿಂದ ಸುದ್ದಿ ತಿಳಿಯುತ್ತದೆ. ದಾನಮ್ಮ ಗದಗಿನ ಕಾಲೇಜು ಸೇರಿದ್ದಾಳಂತೆ. ಅವಳೂ ಫಕೀರವ್ವನೂ ಸಂಜೆ ಒಂದೇ ಕೋಲಿನಲ್ಲಿ ಹಾರುತ್ತಾರಂತೆ, ಲಾರಿಯಲ್ಲಿ ವಿಜಯಪುರ ಸುತ್ತಿ ಬಂದ ಅದೇ ಕೋಲು. ಕೇಳಿ ಸಂತೋಷವಾಯಿತು. ಆಮೇಲೆ ನಿದ್ದೆ ಹತ್ತಲಿಲ್ಲ. ಸೈಕಲ್ಲುಗಳ ನಡುವೆ ಬಿದ್ದು ಅಷ್ಟು ದೂರ ಹೋಗಿ ಬಂದ ಕೋಲು ಅದು. ಯಾರಾದರೂ ಅದರ ಮೈಯನ್ನು ಒರೆಸಿ ನೋಡಿದ್ದಾರೆಯೇ?