ತೀರ್ಥಕ್ಕನ ಚೀಟಿ

"ಲೇ ಮುಂಡೆ, ಗ್ಲೌಸ್ ಹಾಕ್ಕೊಳ್ಳೇ. ಇವತ್ತೊಂದಿನನಾದ್ರೂ ಮನುಷ್ಯರ ಥರ ಕಾಣು," ಎಂದು ಮೇಸ್ತ್ರಿ ಕಾಂತರಾಜ್ ತೀರ್ಥಕ್ಕನ ಮಡಿಲಿಗೆ ಹೊಸ ಗ್ಲೌಸ್ ಎಸೆದ. "ಸಂಜೆ ವಾಪಸ್ ಕೊಡ್ಬೇಕು. ಗಲೀಜಾದ್ರೆ ನೋಡು."

"ಕಸ ಮುಟ್ದಂಗೆ ಕಸ ಆರ್ಸೋದು ಹೆಂಗೆ ಅಂತಾನೂ ಹೇಳ್ಕೊಡಿ ಸಾ," ಎಂದಳು ತೀರ್ಥಕ್ಕ.

ಶೆಡ್ಡಿನ ಹೆಂಗಸರೆಲ್ಲ ನಕ್ಕೆವು. ಅವನು ಅವಳ ಬೆನ್ನಿಗೆ ಒದ್ದ. ಜೋರಾಗೇನಲ್ಲ, ದಾರಿಗಡ್ಡ ಬಿದ್ದ ಡಬ್ಬವನ್ನು ಒದೆಯುವಷ್ಟು. ನಗು ನಿಂತಿತು. ನಾನು ಎಲ್ಲರಿಗಿಂತ ಮೊದಲು ನಿಲ್ಲಿಸಿದ್ದೆ.

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಊರಿನ ಒಣಕಸ ತರೀಕೆರೆ ರಸ್ತೆಯ ನಮ್ಮ ಶೆಡ್ಡಿಗೆ ಬರುತ್ತಿತ್ತು. ಕಸ ಎತ್ತುವುದು ಕಂಪನಿ, ಆರಿಸುವುದು ಕಂಪನಿಯ ಕಂಟ್ರಾಕ್ಟರು, ಕಂಟ್ರಾಕ್ಟರನ ಪರವಾಗಿ ನಮ್ಮನ್ನು ಆಳುವುದು ಕಾಂತರಾಜ್. ಸೇರಿದ ದಿನವೇ ನಮ್ಮ ಆಧಾರ್ ಕಾರ್ಡುಗಳು ಅವನ ಬೀರು ಸೇರಿದ್ದವು. ಕೂಲಿ ಮುಂಗಡಕ್ಕೆ ವಜಾ ಆಗುತ್ತಿತ್ತು, ಕೈಗೆ ಬರುತ್ತಿರಲಿಲ್ಲ. ಊಟ, ನಿದ್ದೆ ಎಲ್ಲ ಶೆಡ್ಡಿನಲ್ಲೇ, ಗೇಟಿಗೆ ಸರಪಳಿ. ಕಾರ್ಡಿದ್ದರೆ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಕಾರ್ಡು ಅವನ ಹತ್ತಿರ ಇದ್ದುದರಿಂದ ಗೇಟಿನಾಚೆ ಓಡಾಡುವ ಬಸ್ಸುಗಳೂ ಅವನವೇ ಆಗಿದ್ದವು.

ಹಿಂದಿನ ದಿನ ಅವನು ನನ್ನೊಬ್ಬಳನ್ನೇ ರೂಮಿಗೆ ಕರೆದು, ನನ್ನ ಕಾರ್ಡನ್ನು ಮೇಜಿನ ಮೇಲಿಟ್ಟಿದ್ದ.

"ಧನ್ಯಶ್ರೀ, ಇಲ್ಲಿ ಪಿಯುಸಿ ಮೆಟ್ಲು ಹತ್ತಿದೋಳು ನೀನೊಬ್ಳೇ. ನಾಳೆ ಕಂಪನಿ ಮೇಡಂ ಏನಾದ್ರೂ ಬರ್ಸಿದ್ರೆ ನೀನೇ ಬರೀತೀಯ. ಏನ್ ಬರೀಬೇಕು ಅಂತ ನಾನ್ ಹೇಳ್ಬೇಕಾ?"

"ಬ್ಯಾಡ ಸಾ," ಎಂದೆ. ಕಾರ್ಡನ್ನು ಕುಪ್ಪಸದೊಳಗಿಟ್ಟುಕೊಂಡು ಬಂದು ಕೂತೆ. ಯಾರಿಗೂ ಹೇಳಲಿಲ್ಲ.

ನಯನ ಮೇಡಂ ಹನ್ನೊಂದಕ್ಕೆ ಬಂದರು. ಒಳ್ಳೆಯವರು, ಮೂಗು ಮುಚ್ಚಿಕೊಳ್ಳಲಿಲ್ಲ. "ನಿಮ್ಮನ್ನ ಯಾರೂ ಬಲವಂತವಾಗಿ ಇಟ್ಕೊಂಡಿಲ್ಲ ಅಂತ ಕಂಪನಿಗೆ ಖಾತ್ರಿ ಬೇಕು. ಒಬ್ಬೊಬ್ಬರಿಗೂ ಒಂದೊಂದು ಚೀಟಿ ಕೊಡ್ತೀನಿ. ಬರೆಯೋಕೆ ಬಾರದೋರು ಬರೋರ ಕೈಲಿ ಬರೆಸಿ ಡಬ್ಬಕ್ಕೆ ಹಾಕಿ. ನಾನೂ ನೋಡಲ್ಲ," ಎಂದರು. ಕಾಂತರಾಜನನ್ನು ಹೊರಗೆ ಕಳಿಸಿ ತಾವೂ ಹೋಗಿ ಬಾಗಿಲು ಎಳೆದುಕೊಂಡರು.

ನನ್ನ ಮೇಲೆ ಕಣ್ಣಿಡುವವರು ಒಳಗೆ ಯಾರೂ ಇರಲಿಲ್ಲ.

ತೀರ್ಥಕ್ಕ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತಳು. "ಬರಿ ಮಗಾ. ನನ್ ಕಾರ್ಡ್ ಬೀರಲ್ಲಿ ಮಡೀಕಂಡವ್ನೆ. ನನ್ ಮಗಳು ಸಂಗೀತಾ ಅಜ್ಜಂಪುರದಲ್ಲಿ ತುಂಬಿದ ಬಸುರಿ. ನನ್ ಬಿಟ್ರೆ ಅವ್ಳಿಗೆ ಯಾರಿಲ್ಲ. ಬಾಣಂತಿಗೆ ನೀರು ಹಾಕೋಕೆ ನಾನು ಹೋಗ್ಬೇಕು, ಕಳ್ಸಲ್ಲ ಅಂತಾನೆ ಈ ಬೋಳಿಮಗ ಅಂತ ಬರಿ. ಬೋಳಿಮಗ ಅನ್ನೋದ್ನೂ ಸೇರ್ಸು."

ನಾನು ಎರಡು ಸಾಲು ಬರೆದೆ.

"ಇಷ್ಟೇನಾ?"

"ಬರವಣಿಗೇಲಿ ಹಂಗೇ ತೀರ್ಥಕ್ಕ. ಎರಡು ಸಾಲಲ್ಲಿ ಎಲ್ಲಾ ಹಿಡಿಯುತ್ತೆ."

"ಬೋಳಿಮಗನೂ ಹಿಡುದ್ನಾ?"

"ಹಿಡುದ."

ಅವಳು ನಕ್ಕು ಹೆಬ್ಬೆಟ್ಟು ಒತ್ತಿದಳು. ಹಿಂದೊಮ್ಮೆ ಗಾಜು ಕೊಯ್ದ ಬೆರಳು. ನೀಲಿ ಗುರುತಿನ ನಡುವೆ ಅಡ್ಡಕ್ಕೊಂದು ಬಿಳಿ ಗೆರೆ ಮೂಡಿತು. ಉಳಿದವರ ಚೀಟಿಗಳಲ್ಲೂ ಅದೇ ಎರಡು ಸಾಲು ಬರೆದೆ. ಅಕ್ಷರ ದುಂಡಗೆ ಬಂದವು.

ಎಂಟು ದಿನಕ್ಕೆ ಸಂಗೀತಾಗೆ ಹೆಣ್ಣುಮಗು ಆಯಿತು. ಭಾನುವಾರ ಮೇಸ್ತ್ರಿಯ ಎದುರಿಗೇ, ಮೇಸ್ತ್ರಿಯ ಫೋನಿನಲ್ಲೇ ಮಾತು. ಪಕ್ಕದ ಮನೆಯವರು ಎರಡು ದಿನ ನೀರು ಹಾಕಿ ನಿಲ್ಲಿಸಿದರಂತೆ. "ಬತ್ತೀನಿ ಕಣವ್ವ. ಧನ್ಯ ಬರ್ದವ್ಳೆ. ಇನ್ನೇನು ಮೇಲಿಂದ ಕಾಗ್ದ ಬತ್ತದೆ," ಎಂದಳು ತೀರ್ಥಕ್ಕ. ಕಾಂತರಾಜ್ ನನ್ನನ್ನು ನೋಡಿ ಹುಬ್ಬು ಹಾರಿಸಿದ. ದಿನಾ ಊಟಕ್ಕೆ ಕೂತಾಗ ಅವಳು ತನ್ನ ಉಪ್ಪಿನಕಾಯಿಯ ಅರ್ಧ ನನ್ನ ತಟ್ಟೆಗೆ ಹಾಕುತ್ತಿದ್ದಳು. ನಾನು ತಿನ್ನುತ್ತಿದ್ದೆ.

ಕಾಗದ ಬಂತು. ಕಂಪನಿಯ ಆಫೀಸಿನ ಕಸವೂ ನಮ್ಮ ಶೆಡ್ಡಿಗೇ ಬಂದು ಬೀಳುತ್ತಿತ್ತು. ಒಂದು ಮಧ್ಯಾಹ್ನ ಬಿಳಿ ಕಾಗದದ ರಾಶಿಯ ಮುಂದೆ ಕೂತಿದ್ದ ತೀರ್ಥಕ್ಕನ ಕೈ ನಿಂತಿತು. ಅವಳಿಗೆ ಅಕ್ಷರ ಬಾರದು. ತನ್ನ ಬೆರಳು ಗೊತ್ತು.

"ಧನ್ಯಾ, ಇದು ನಂದಲ್ವೇನೇ? ಕಸಕ್ಕೆ ಹಾಕವ್ರಲ್ಲೇ. ಓದು ನೋಡಾನ, ಏನ್ ಬರ್ದಿದ್ವಿ."

ಮತ್ತೊಮ್ಮೆ ಸುಳ್ಳು ಹೇಳಬಹುದಿತ್ತು. ಅವಳ ಮುಖ ನೋಡದೆ ಓದಿದೆ: "ನನಗೆ ಇಲ್ಲಿ ಯಾವ ತೊಂದರೆಯೂ ಇಲ್ಲ. ನನ್ನ ಇಷ್ಟದಂತೆ ಬಂದು ಹೋಗಬಹುದು."

ಸುತ್ತ ಬಾಟಲಿ ಆರಿಸುತ್ತಿದ್ದವರ ಸದ್ದು ಅಡಗಿತು. ಯಾರೋ ನೆಲಕ್ಕೆ ಉಗಿದರು. ತೀರ್ಥಕ್ಕ ಚೀಟಿಯ ಕಡೆ ಬೆರಳು ತೋರಿಸಿದಳು.

"ಇಷ್ಟದಂತೆ ಬಂದು ಹೋಗಬಹುದು ಅಂತ್ಲೇ ಐತಾ?"

"ಹ್ಞೂ."

"ಕೊಡಿಲ್ಲಿ."

ಚೀಟಿ ಹಿಡಿದು ಗೇಟಿಗೆ ನಡೆದಳು. ನಾನು ಹಿಂದೆ ಹೋದೆ. ಕಾಂತರಾಜ್ ಊಟಕ್ಕೆ ಹೋಗಿದ್ದ. ಗೇಟು ಕಾಯುವ ಗಿರಿಯಪ್ಪ ಚೀಟಿಯನ್ನು ದೂರ ಹಿಡಿದು ಕೂಡಿಸಿ ಕೂಡಿಸಿ ಓದಿದ.

"ಏನಮ್ಮೋ ಇದು?"

"ನಿಮ್ ಕಂಪ್ನಿದೇ ಕಣಪ್ಪಾ. ಮೇಲೆ ಅವ್ರ ಗುರ್ತು ಐತಲ್ಲ. ಸುಳ್ಳು ಅನ್ನು, ಒಳಿಕ್ ಹೋಗ್ತೀನಿ."

ಗಿರಿಯಪ್ಪ ನನ್ನನ್ನು ನೋಡಿದ, ಚೀಟಿಯನ್ನು ನೋಡಿದ, ಸರಪಳಿ ಬಿಚ್ಚಿದ.

ತರೀಕೆರೆ ಬಸ್ಸು ಕೈ ತೋರಿಸಿದ್ದಕ್ಕೆ ನಿಂತಿತು. ಹತ್ತಿದ ಕೂಡಲೇ ನಮ್ಮ ವಾಸನೆಗೆ ಮುಂದಿನ ಸೀಟಿನವರು ಕಿಟಕಿ ಸರಿಸಿದರು.

"ಆಧಾರ್ ತೆಗೀರಮ್ಮ," ಎಂದ ಕಂಡಕ್ಟರು.

ಕೈ ತಾನಾಗಿ ಕುಪ್ಪಸದೊಳಗೆ ಹೋಗಿ ನನ್ನ ಕಾರ್ಡು ತೆಗೆಯಿತು. ತೀರ್ಥಕ್ಕ ಅದನ್ನು ನೋಡಿದಳು. ಯಾವತ್ತು ಕೊಟ್ಟ ಎಂದು ಕೇಳಲಿಲ್ಲ. ತನ್ನ ಚೀಟಿಯನ್ನು ಕಂಡಕ್ಟರಿಗೆ ಚಾಚಿದಳು.

ಅವನು ಕಣ್ಣಾಡಿಸಿ ನಕ್ಕ. "ಇದ್ಯಾವ ಸೀಮೆ ಪಾಸಮ್ಮಾ? ಯಾರ್ ಬರ್ಕೊಟ್ರು?"

"ಇವ್ಳೇ. ಇವ್ಳ ಕೈಲೇ ಓದ್ಸಿ."

ಚೀಟಿ ನನ್ನ ಕೈಗೆ ಬಂತು. ಬಸ್ಸು ಇನ್ನೂ ಹೊರಟಿರಲಿಲ್ಲ. ಹಿಂದಿನಿಂದ ಕಾಂತರಾಜನ ಬೈಕು ಹಾರ್ನ್ ಹೊಡೆಯುತ್ತ ಬರುತ್ತಿತ್ತು. ಇಡೀ ಬಸ್ಸು ನನ್ನತ್ತ ತಿರುಗಿತ್ತು, ತೀರ್ಥಕ್ಕನೊಬ್ಬಳನ್ನು ಬಿಟ್ಟು. ಅವಳು ತನ್ನ ಹೆಬ್ಬೆಟ್ಟಿನ ಗೆರೆಯನ್ನು ಉಗುರಿನಿಂದ ಉಜ್ಜುತ್ತಿದ್ದಳು.

ಚೀಟಿಯ ಮೇಲೆ ಕಣ್ಣಿಟ್ಟು, ಕೊನೆಯ ಸೀಟಿಗೂ ಕೇಳುವಂತೆ ಓದತೊಡಗಿದೆ. "ನನ್ ಕಾರ್ಡ್ ಬೀರಲ್ಲಿ ಮಡೀಕಂಡವ್ನೆ. ನನ್ ಮಗಳು ಸಂಗೀತಾ ಅಜ್ಜಂಪುರದಲ್ಲಿ..."

ಬೋಳಿಮಗನನ್ನೂ ಬಿಡಲಿಲ್ಲ. ಸುಳ್ಳು ಬರೆಯಲು ಮೇಸ್ತ್ರಿ ನನಗೆ ನನ್ನ ಕಾರ್ಡು ಕೊಟ್ಟದ್ದನ್ನೂ ಬಿಡಲಿಲ್ಲ. ಕಂಡಕ್ಟರು ಬಗ್ಗಿ ಚೀಟಿ ನೋಡಿದ. ಅದರಲ್ಲಿ ಇದ್ದದ್ದು ಎರಡೇ ಸಾಲು. ನಾನು ಇನ್ನೂ ಓದುತ್ತಲೇ ಇದ್ದೆ.